ನೀರು ತೋರಿಸು

ಮಡಿಕೇರಿಯಲ್ಲಿ ಕಾರ್ಪೆಟ್ ತೊಳೆಯುವವನಿಗೆ
ಮೊದಲ ಶತ್ರು ಧೂಳಲ್ಲ, ಮಂಜು.
ಎರಡನೆಯದು ಗಿರಾಕಿಯ ಚಿಕ್ಕಮ್ಮ.
ಆಕೆಗೆ ಎಲ್ಲ ಗೊತ್ತಿರುತ್ತದೆ.

ನನ್ನ ಓಮ್ನಿಯೊಳಗೆ ಮೂರು ವಿದ್ಯೆ:
ಬಿಸಿನೀರು ಚಿಮ್ಮಿ ಮರಳಿ ಹೀರುವ ಯಂತ್ರ,
ಗರಗರ ತಿರುಗುವ ಶಾಂಪೂ ಬ್ರಷ್,
ಪುಡಿ ಎರಚಿ, ಉಜ್ಜಿ, ಎಳೆದು ತೆಗೆಯುವ ಒಣ ಪದ್ಧತಿ.
ನಾಲ್ಕನೆಯದು ಅಪ್ಪನ ಬೆತ್ತ.
ಸೀಟಿನಡಿ ಬಚ್ಚಿಟ್ಟಿದ್ದೇನೆ;
ಕಂಡರೆ ಅದನ್ನೇ ಕೇಳುತ್ತಾರೆ, ಅಗ್ಗವೆಂದು.

ಗೋಣಿಕೊಪ್ಪದ ವಕೀಲರಿಗೆ ಬಿಸಿಯೆಂದರೆ ಭಯ.
"ಉಣ್ಣೆ ಕುಗ್ಗುತ್ತದೆ ಮಾರಾಯ, ಇದನ್ನು ನೋಡು"
ಎಂದು ಮೊಮ್ಮಗನಿಗೂ ಆಗದ ಸ್ವೆಟರನ್ನು
ಒಳಗಿನಿಂದ ಸಾಕ್ಷಿಗೆ ಕರೆಸಿದರು.
ಹಬೆಯಲ್ಲ ಸಾರ್, ಬರೀ ಬಿಸಿನೀರು, ಎಂದೆ.
"ಅದು ನಮ್ಮ ಬಚ್ಚಲಲ್ಲೇ ಇದೆಯಲ್ಲ?"
ಕೇಸು ವಜಾ.

ಹೋಮ್‌ಸ್ಟೇ ಮಂದಣ್ಣನಿಗೆ ಮೂಗೇ ಪ್ರಮಾಣ.
ನೊರೆ ಮೊಣಕಾಲಿಗೆ ಬರಬೇಕು,
ಕಿತ್ತಳೆಯೋ ಮಲ್ಲಿಗೆಯೋ ಘಮ್ಮೆನ್ನಬೇಕು.
ಒಳಗುಳಿದ ಸೋಪು ಅಂಟಾಗಿ ಕೂತು
ಮುಂದಿನ ವಾರದ ಕೊಳೆಗೆಲ್ಲ ಮಣೆ ಹಾಕುತ್ತದೆಂದು
ನಾನು ಹೇಳುವಷ್ಟರಲ್ಲಿ ಅವನು ಫೋನಿನಲ್ಲಿದ್ದ:
"ಬನ್ನಿ ಬನ್ನಿ, ರೂಮು ಹೊಸದರ ಹಾಗೆ."

ಒಣ ಪುಡಿಯನ್ನು ನಂಬಿದವರು ಈವರೆಗೆ ಒಬ್ಬರೇ,
ವಿರಾಜಪೇಟೆಯ ಮೊಯ್ದು ಹಾಜಿ.
ಮಸೀದಿಯ ಉದ್ದದ ಕಾರ್ಪೆಟ್ಟು,
ಗುರುವಾರ ಸಂಜೆ, ಹೊರಗೆ ಜಡಿಮಳೆ.
ನೀರು ಹಾಕಿದರೆ ಜುಮಾಕ್ಕೆ ಒಣಗುವುದಿಲ್ಲ ಎಂದೆ.
ಗಡ್ಡ ನೀವಿಕೊಂಡು ಯೋಚಿಸಿದರು:
"ನೀರು ಸಿಗದ ಕಡೆ ಮಣ್ಣು ಮುಟ್ಟಿ ಶುದ್ಧನಾಗಬಹುದು,
ಮನುಷ್ಯನಿಗೇ ಅದು ಸಾಕಾಗುತ್ತದೆ.
ಹಾಕು ನಿನ್ನ ಪುಡಿ."

ಮಿಕ್ಕವರಿಗೆಲ್ಲ ಒಂದೇ ದೇವರು, ಕಪ್ಪು ನೀರು.
ಕೆಲಸ ಮುಗಿದ ಮೇಲೆ ಕಾರ್ಪೆಟ್ ನೋಡುವುದಿಲ್ಲ,
ಬಕೆಟ್ಟಿಗೆ ಬಗ್ಗುತ್ತಾರೆ.
"ಅಯ್ಯೋ! ಇಷ್ಟು ದಿನ ಇದರ ಮೇಲೆ ಕೂತಿದ್ದೆವಾ!"
ನಾಚಿಕೆಯೂ ಹೌದು, ಎಂಥದೋ ಸಂಭ್ರಮವೂ ಹೌದು.
ನೀರು ತಿಳಿಯಾಗಿ ಬಂದ ದಿನ
ಮಿಷನ್ನು ಕೆಟ್ಟಿದೆ ಎನ್ನುತ್ತಾರೆ,
ದುಡ್ಡು ಎಣಿಸುವ ಬೆರಳು ನಿಧಾನವಾಗುತ್ತದೆ.

ಅದಕ್ಕೇ ಜೇಬಿನಲ್ಲೊಂದು ಪೊಟ್ಟಣ,
ಕಾಫಿ ಗಿಡದ ಬುಡದ ಕಪ್ಪು ಮಣ್ಣು.
ಎರಡು ಸಲ ಬೆರೆಸಿದ್ದೇನೆ.
ಸರಿ, ಆರೇಳು ಸಲ.

ಜನವರಿಯಲ್ಲಿ ನಾಪೋಕ್ಲಿನ ಐಚವ್ವ ಕರೆದರು.
ಕೆಂಪು ನೀಲಿ ಹೂವಿನ ಹಳೆಯ ಟಿಬೆಟನ್ ಕಾರ್ಪೆಟ್,
ಬೈಲುಕುಪ್ಪೆಯಲ್ಲಿ ನೇಯ್ದದ್ದು,
ಹೊಳೆ ದಾಟಿ ಬಂದು ನಲವತ್ತು ವರ್ಷ.
ಎರಡು ಸುತ್ತು ಬಿಸಿನೀರು ಹಾಯಿಸಿದೆ.
ಟ್ಯಾಂಕಿನಲ್ಲಿ ಬಂದದ್ದು ಕುಡಿಯುವಂಥ ನೀರು.
ಅವರು ಅಡುಗೆಮನೆಯಲ್ಲಿ ಕಾಫಿಗೆ ಬೆಲ್ಲ ಹಾಕುತ್ತಿದ್ದರು.
ಕೈ ತಾನಾಗಿ ಜೇಬಿಗೆ ಹೋಯಿತು.

ಕಾಫಿ ಕೊಟ್ಟು ಬಕೆಟ್ಟಿಗೆ ಬಗ್ಗಿದರು.
ಅಯ್ಯೋ ಎನ್ನಲಿಲ್ಲ.
ತುಂಬ ಹೊತ್ತು ಏನೂ ಅನ್ನಲಿಲ್ಲ.
"ಕಣದಲ್ಲಿ ಕಾಫಿಯನ್ನು ಬದಿಗೆ ಸರಿಸಿ
ಎರಡು ದಿನ ನಾನೇ ತೊಳೆದಿದ್ದೆ.
ಅಂಟವಾಳ ಹಾಕಿ, ಮಂಡಿಯೂರಿ.
ಸರಿಯಾಯಿತೋ ಇಲ್ಲವೋ ನೋಡಿಸಲು ನಿನ್ನ ಕರೆದೆ."
ಅಂಗೈ ತಿರುಗಿಸಿ ನೋಡಿಕೊಂಡರು.
"ಕೈಯಲ್ಲಿ ಬಲ ಹೋಗಿದೆ, ಬಿಡು."
ನೂರು ರೂಪಾಯಿ ಹೆಚ್ಚೇ ಕೊಟ್ಟರು.

ಪೈಪು ಸುತ್ತಿ, ವಯರು ಸುತ್ತಿ,
ಯಂತ್ರವನ್ನು ಗಾಡಿಗೆ ಏರಿಸಿ ಬರುವಷ್ಟರಲ್ಲಿ
ಮೆಟ್ಟಿಲ ಮೇಲಿನ ಬಕೆಟ್ಟು ತನ್ನ ಕೆಲಸ ಮುಗಿಸಿತ್ತು:
ತಳದಲ್ಲಿ ಒಂದು ಹಿಡಿ ಮಣ್ಣು,
ಮೇಲೆ ನೀರು, ಅದರಲ್ಲಿ ಆಕಾಶ.

ಕರೆಯೋಣವೆಂದು ತಿರುಗಿದೆ.
ಐಚವ್ವ ಕಾರ್ಪೆಟ್ಟಿನ ಮೂಲೆ ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದು
ಎಲ್ಲಿ ಬಿಟ್ಟೆನೆಂದು
ಎಳೆ ಎಳೆ ಬಿಡಿಸಿ ಹುಡುಕುತ್ತಿದ್ದರು.